ಭರಣಿಯ ಚೊಚ್ಚಲ ಹೆರಿಗೆ

ಈ ಕಡೆ ಹೊರಳ್ಕೋ ಪುಟ್ಟಿ. ಆ ಗಾಜಿನ ಪೆಟ್ಟಿಗೆ ಮುಂದೆ ಕೂತಿದ್ದು ಸಾಕು ಇವತ್ತಿಗೆ. ನಿಮ್ಮಪ್ಪ ಅಂಗಡಿಯಿಂದ ಉಪ್ಪುನೀರಿನ ಮೀನು ತಂದು ಸಾಕಿದ, ಅದರಲ್ಲಿ ಯಾರೂ ಬಿಡದೇನೇ ಸಾಸಿವೆ ಕಾಳಿನಷ್ಟು ಲೋಳೆಮೀನು ಹುಟ್ಟಿಕೊಂಡ್ವು, ಜೆಲ್ಲಿಫಿಶ್ ಜೆಲ್ಲಿಫಿಶ್ ಅಂತ ಅಪ್ಪ ಮಗಳು ಮನೆಯೆಲ್ಲ ಕುಣಿದಾಡಿದ್ರಿ. ಈಗ ನೋಡಿದ್ರೆ ನಾಳೆ ಸೋಸಿ ಚೆಲ್ತೀನಿ ಅಂತಾನೆ ಅವನು. ಚೆಲ್ತಾನಂತೆ, ದೊಡ್ಡ ಮನುಷ್ಯ. ಚಿಕ್ಕವನಿದ್ದಾಗ ಅವನಿಗೆ ಈ ಕತೆ ಹೇಳಿದ್ರೆ ಅರ್ಧಕ್ಕೇ ಗೊರಕೆ ಹೊಡೆದಿದ್ದ, ಅದಕ್ಕೇ ಹಿಂಗಾಗಿದ್ದಾನೆ. ನೀನು ಹೂಂಗುಟ್ಟಬೇಕು, ಇಲ್ಲದಿದ್ರೆ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಜನ ಉಪ್ಪಿಗೆ ಅಂತ ಗಾಡಿ ಕಟ್ಟಿಕೊಂಡು ಘಟ್ಟ ಇಳೀತಿದ್ದ ಕಾಲದಲ್ಲಿ, ಕಡಲ ಪಕ್ಕ ಉಪ್ಪಿನ ಆಗರದೋರ ಮನೆಯೊಂದಿತ್ತಂತೆ. ಆಗರ ಅಂದ್ರೆ ಗೊತ್ತಲ್ಲ, ಕಡಲ ನೀರನ್ನ ತೂಬಿನಿಂದ ಗದ್ದೆಗೆ ಬಿಟ್ಟು, ಬಿಸಿಲಿಗೆ ನೀರು ಹಾರಿ ಹೋದ್ಮೇಲೆ ತಳದಲ್ಲಿ ಉಳಿಯೋ ಉಪ್ಪನ್ನ ಎಳೆದು ರಾಶಿ ಹಾಕ್ತಾರೆ. ನಾನು ಹುಟ್ಟಿದ ಊರಲ್ಲೂ ಇತ್ತು. ಬೇಸಿಗೆಯಲ್ಲಿ ಆ ರಾಶಿಗಳ ಬಿಳುಪು ಕಣ್ಣಿಗೆ ಹೊಡೆಯೋದು, ಬದುವಿನ ಮೇಲೆ ಓಡಿದ್ರೆ ಕಾಲೆಲ್ಲ ಉರಿಯೋದು, ಆದರೂ ಓಡ್ತಿದ್ವಿ. ಇರಲಿ, ಎಲ್ಲಿದ್ದೆ? ಹಾಂ. ಆ ಮನೇಲಿ ಸೋಮಿ ಅಂತ ಒಬ್ಬಳೇ ಮಗಳು. ಘಟ್ಟದ ಮೇಲಿಂದ ಜೋಳ ಹೇರಿಕೊಂಡು ಬಂದು ಉಪ್ಪು ಹೇರಿಕೊಂಡು ಹೋಗ್ತಿದ್ದ ಫಕೀರಪ್ಪ ಅನ್ನೋ ಗಾಡಿಯವನು ಇವಳನ್ನ ನೋಡಿದ, ಇವಳೂ ಅವನನ್ನ ನೋಡಿದಳು, ಆಮೇಲೆ ಹಿರಿಯರು ಎಲೆ ಅಡಿಕೆ ಬದಲಾಯಿಸಿ ಮದುವೆ ಮಾಡಿಬಿಟ್ರಂತೆ.

ಗಾಡಿ ಹತ್ತೋ ಹೊತ್ತಿಗೆ ಅವರಮ್ಮ, ಹಡಗಿನೋರು ಯಾವಾಗಲೋ ಕೊಟ್ಟಿದ್ದ ದೊಡ್ಡ ಗಾಜಿನ ಭರಣಿ ತಂದು, ಅದರಲ್ಲಿ ಕಡಲ ನೀರು ತುಂಬಿಸಿ, ಒಂದು ಬೆರಳುದ್ದದ ಮೀನು, ಒಂದು ಏಡಿಮರಿ, ತೂಬಿನ ಬಾಯಲ್ಲಿ ಸಿಕ್ಕ ಒಂದು ಕಲ್ಲು, ಈ ಮೂರನ್ನೂ ಹಾಕಿ ಮಗಳ ಮಡಿಲಿಗಿಟ್ಟಳಂತೆ. ಜೀವ ತಡೀದೇ ಹೋದಾಗ ಇದನ್ನ ನೋಡ್ಕೋ, ಕಲ್ಲು ಅಂತ ಮಾತ್ರ ಬಿಸಾಕಬೇಡ ಅಂದಳಂತೆ.

ಅತ್ತೆ ದ್ಯಾಮವ್ವ ಬಲು ಗಟ್ಟಿಗಿತ್ತಿ. ಕಡಲು ಕಂಡೋಳಲ್ಲ, ಅದೆಷ್ಟು ದೊಡ್ಡದು ಅಂದ್ರೆ ನಮ್ಮೂರ ಕೆರೆಗಿಂತ ಒಂದು ಕೈ ಹೆಚ್ಚಿರಬಹುದು ಅಂತಿದ್ದಳಂತೆ. ಆಮೇಲೆ ಮೊದಲನೇ ಬೇಸಿಗೆ ಬಂತು, ಭರಣಿ ನೀರು ನಾಲ್ಕು ಬೆರಳು ಇಳೀತು. ಸೊಸೆ ಹೊಲಕ್ಕೆ ಹೋಗಿದ್ದಾಗ ಅತ್ತೆ, ಪಾಪ ಒಳ್ಳೇ ಮನಸ್ಸಿಂದಾನೇ, ಉಪ್ಪುನೀರು ಕಮ್ಮಿಯಾಗಿದೆ ಅಂತ ಎರಡು ಹಿಡಿ ಉಪ್ಪು ಕರಗಿಸಿ ಹುಯ್ದಳಂತೆ. ಸಂಜೆಗೆ ಮೀನು ಹೊಟ್ಟೆ ಮೇಲಾಗಿ ತೇಲ್ತು. ಸೋಮಿ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಬಾವಿ ನೀರು ತಂದು ಚೂರುಚೂರೇ ಹುಯ್ದಳು. ಅತ್ತೇ, ಹಾರಿ ಹೋಗಿದ್ದು ನೀರು, ಉಪ್ಪಲ್ಲ, ಉಪ್ಪು ಅಲ್ಲೇ ಇದೆ, ಯಾವುದು ಹೋಗಿದೆಯೋ ಅದನ್ನೇ ತುಂಬಬೇಕು ಅಂತ ನಮ್ಮಪ್ಪ ಹೇಳ್ತಿದ್ದ ಅಂದಳಂತೆ. ದ್ಯಾಮವ್ವನಿಗೆ ಒಳಗೊಳಗೇ ನಾಚಿಕೆ. ನಾಚಿಕೆ ಆದೋರು ಸುಮ್ಮನಿರ್ತಾರಾ, ಎಮ್ಮೆ ಮೇವಿಗೆ ಯಾಕೆ ತಡವಾಯ್ತು ಅಂತ ಬೈದಳಂತೆ.

ಎರಡನೇ ವರ್ಷ ಏಡಿಮರಿ ದೊಡ್ಡದಾಗಿ ಒಂದು ದಿನ ಭರಣಿ ಹತ್ತಿ ಇಳಿದು, ಹೊಸ್ತಿಲು ದಾಟಿ, ಅಂಗಳದಲ್ಲಿ ಪಡುವಣ ದಿಕ್ಕಿಗೇ ಹೊರಟಿತ್ತಂತೆ, ಕೋಳಿ ನೋಡಿ ಕುಕ್ಕಿಬಿಡ್ತು. ಸೋಮಿ ಅವತ್ತು ಊಟ ಮಾಡಲಿಲ್ಲ. ಏಡಿಗಾದರೂ ಹೊರಡೋ ಧೈರ್ಯ ಇತ್ತು ಅಂದುಕೊಂಡಳಂತೆ.

ಉಳಿದಿದ್ದು ಕಲ್ಲೊಂದೇ. ಮೂರನೇ ವರ್ಷ ಊರ ಹೆಂಗಸರೆಲ್ಲ, ಕಲ್ಲು ಸಾಕೋ ಸೊಸೆ ಬಂದಳು ನೋಡ್ರೇ ಅಂತ ಬಾವಿಕಟ್ಟೆ ಮೇಲೆ ನಗ್ತಿದ್ರಂತೆ. ನಗಲಿ ಬಿಡು ಅಂತ ಅವಳು ದಿನಾ ಬೆಳಿಗ್ಗೆ ಒಂದು ಬೊಗಸೆ ಸಿಹಿನೀರು ಹುಯ್ತಿದ್ದಳು, ಭರಣಿಗೆ ಮೂಗಿಟ್ಟು ವಾಸನೆ ನೋಡ್ತಿದ್ದಳು. ಆ ವಾಸನೆ ಅಂದ್ರೆ ಅವರಮ್ಮನ ಸೆರಗು. ಅದು ನಿನಗೆ ತಿಳಿಯಲ್ಲ ಪುಟ್ಟಿ, ನನಗೆ ತಿಳಿಯುತ್ತೆ.

ಆಮೇಲೆ ಮುಂಗಾರಿಗೆ ಮುಂಚಿನ ಉಪ್ಪಿನ ಗಾಡಿ ಹೊರಡೋ ಹೊತ್ತಾಯ್ತು. ಪ್ರತಿ ವರ್ಷ ಗಂಡ ಹೊರಡುವಾಗಲೂ ಸೋಮಿ ನಾನೂ ಬರ್ತೀನಿ ಅನ್ನೋದು, ಅತ್ತೆ ಬೇಡ ಅನ್ನೋದು, ಗಂಡ ಎತ್ತಿನ ಹಗ್ಗ ನೋಡ್ತಾ ನಿಲ್ಲೋದು. ಆ ಸಲ ಬಾವಿಕಟ್ಟೆ ಮೇಲೆ ಎಲ್ಲರ ಎದುರಿಗೇ ಕೇಳಿಬಿಟ್ಟಳಂತೆ. ದ್ಯಾಮವ್ವ ಕೊಡ ಕೆಳಗಿಟ್ಟು ಹೇಳಿದಳಂತೆ: "ಚೊಚ್ಚಲ ಹೆರಿಗಿಗಷ್ಟ ತವರಿಗೆ ಕಳಸೂದು ನಮ್ಮ ಮನಿ ಪದ್ಧತಿ. ನೀ ಅಂತೂ ಹಡೀಲಿಲ್ಲ. ನಿನ್ನ ಭರಣಿಯಾದ್ರೂ ಹಡೀತಂದ್ರ ಹೇಳು, ನಾನ ಗಾಡಿ ಕಟ್ಟಸ್ತೀನಿ." ಹೆಂಗಸರೆಲ್ಲ ನಕ್ಕರು. ಅಷ್ಟಕ್ಕೇ ಬಿಡಲಿಲ್ಲ, ಮಾವಿನಕಾಯಿ ಬಂದಿವೆ, ಉಪ್ಪಿನಕಾಯಿ ಹಾಕೋಕೆ ಭರಣಿ ಬೇಕು, ಮೂರು ದಿನದೊಳಗೆ ಖಾಲಿ ಮಾಡು ಅಂತಲೂ ಅಂದಳಂತೆ.

ಒಂದನೇ ದಿನ ಸೋಮಿ ಭರಣಿ ಮುಟ್ಟಲಿಲ್ಲ. ಎರಡನೇ ದಿನ ಮುಟ್ಟಿದಳು, ಎತ್ತಲಿಲ್ಲ. ಮೂರನೇ ದಿನ ಬೆಳಿಗ್ಗೆ ಹಿತ್ತಲಿಗೆ ಎತ್ತಿಕೊಂಡು ಹೋಗಿ, ಇನ್ನೇನು ಬಗ್ಗಿಸಬೇಕು, ಬಿಸಿಲು ಗಾಜಿನೊಳಗೆ ಬಿತ್ತಂತೆ. ನೋಡ್ತಾಳೆ, ನೀರೊಳಗೆ ಏನೋ ಮಿಸುಕಾಡ್ತಿದೆ. ಒಂದಲ್ಲ, ಎರಡಲ್ಲ. ಸಾಬಕ್ಕಿ ಬೆಂದ ಹಂಗೆ ಬಿಳಿಬಿಳಿ ಸಣ್ಣ ಕೊಡೆಗಳು, ಮುಚ್ಚೋದು ತೆರೆಯೋದು, ಮುಚ್ಚೋದು ತೆರೆಯೋದು, ಏದುಸಿರು ಬಿಡೋ ಕೂಸಿನ ಎದೆ ತರ. ಆ ಕಲ್ಲಿನ ಮೇಲೆ ನುಚ್ಚಿನಷ್ಟು ಬಿಳಿ ಚುಕ್ಕೆ ಮೂರು ವರ್ಷದಿಂದ ಅಂಟಿಕೊಂಡಿದ್ದನ್ನ ಅವಳು ದಿನಾ ನೋಡಿದ್ದಳು, ಕಲ್ಲಿನ ಕಲೆ ಅಂದುಕೊಂಡಿದ್ದಳು. ಕಲೆ ಅಲ್ಲ, ಲೋಳೆಮೀನಿನ ಬಸಿರು. ಸೋಮಿ ಅಲ್ಲೇ ಕುಕ್ಕರಿಸಿ ಕೂತು, ಅತ್ತೇ, ಬನ್ನಿ, ಭರಣಿಗೆ ಹೆರಿಗೆ ಆಗಿದೆ ಅಂದಳಂತೆ.

ದ್ಯಾಮವ್ವ ಬಂದಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು, ನಂಬಿಕೆ ಬರದೆ ಬೆರಳು ಅದ್ದಿದಳು. ಸಣ್ಣಗೆ ಚುರುಕ್ ಅಂತಂತೆ. ಬೆರಳು ಹಿಂದೆಳಕೊಂಡು, ಹೌದು ಜೀವ ಅದಾವ ಅಂದಳು. ಹತ್ತು ಜನರ ಮುಂದೆ ಆಡಿದ ಮಾತು, ನುಂಗೋಕಾಗಲ್ಲ. ಒಳಗೆ ಹೋದಳು, ಕಾಡಿಗೆ ತಂದಳು, ದೃಷ್ಟಿ ಆಗಬಾರದು ಅಂತ ಭರಣಿ ಹೊಟ್ಟೆಗೆ ದೊಡ್ಡ ಕಪ್ಪು ಬೊಟ್ಟಿಟ್ಟಳಂತೆ. ಇಟ್ಟು ಮಗನಿಗೆ ಗಾಡಿ ಕಟ್ಟು ಅಂದಳು. ಸೋಮಿ ಕಡೆ ತಿರುಗಿ, "ಬಾಣಂತಿನ್ನ ಒಬ್ಬಾಕಿನ್ನ ಕಳಸೂ ಪದ್ಧತಿ ನಮ್ಮ ಮನ್ಯಾಗ ಇಲ್ಲ. ನಾನೂ ಬರ್ತೀನಿ, ನಡಿ" ಅಂದಳಂತೆ.

ಮೂರು ದಿನದ ದಾರಿ. ಭರಣಿಗೆ ಒದ್ದೆ ಗೋಣಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕೂತ ದ್ಯಾಮವ್ವ ಯಾರ ಕೈಗೂ ಕೊಡಲಿಲ್ಲವಂತೆ. ಗಾಡಿ ಕುಲುಕಿದ್ರೆ ಮಗನಿಗೆ ಬೈಗುಳ. ಘಟ್ಟ ಇಳಿದು ಉಪ್ಪುಗಾಳಿ ಬಡಿದಾಗ ಸೋಮಿ ಅಳೋಕೆ ಶುರು ಮಾಡಿದೋಳು ಆಗರದ ಬದು ತನಕ ನಿಲ್ಲಿಸಲಿಲ್ಲ. ಅಲ್ಲಿ ಅವರಮ್ಮ ಉಪ್ಪು ಎಳೀತಿದ್ದಳು, ತಲೆ ಅರ್ಧ ನರೆತಿತ್ತು. ಮಗಳನ್ನ ತಬ್ಬಿಕೊಂಡು ಮೊದಲು ಕೇಳಿದ್ದೇ, ಕಲ್ಲು ಬಿಸಾಕಲಿಲ್ಲ ತಾನೇ ಅಂತ.

ಎಲ್ಲರೂ ಹೋಗಿ ಮರಿಗಳನ್ನ ಕಡಲಿಗೆ ಬಿಟ್ಟರಂತೆ. ದ್ಯಾಮವ್ವ ಅಷ್ಟು ನೀರು ನೋಡಿ ಮರಳ ಮೇಲೇ ಕೂತುಬಿಟ್ಟಳು. ಆಮೇಲೆ ಬೀಗಿತ್ತಿಯನ್ನ ಕೇಳಿದಳಂತೆ, ಇಷ್ಟು ಬಿಸಿಲಿಗೆ ಇದೂ ಇಳೀತದಲ್ಲ, ಇದಕ್ಕ ಸಿಹಿನೀರು ಯಾರು ಹುಯ್ತಾರ? ಸೋಮಿಯ ಅಮ್ಮ ನಕ್ಕು, ನೀವೇ ಅಲ್ವಾ ಅಂದಳು. ನಿಮ್ಮೂರ ಹಳ್ಳ ಹೊಳೆ ಸೇರಿ ಘಟ್ಟ ಇಳಿದು ಅಗೋ ಅಲ್ಲಿ ಕಡಲಿಗೆ ಬರುತ್ತೆ, ಪ್ರತಿ ವರ್ಷ ತಪ್ಪದೆ ಬರುತ್ತೆ, ಅದಕ್ಕೇ ಇದು ಬದುಕಿದೆ ಅಂದಳಂತೆ. ಆಗ ಆ ಗಟ್ಟಿಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡು, "ನನ್ನ ಯಾರೂ ಕಳಸಲಿಲ್ಲವ್ವಾ. ಮೊದಲ ಕೂಸು ಗಂಡನ ಮನ್ಯಾಗ ಹಡದೆ. ನನ್ನ ತವರು ಹೆಂಗಿತ್ತು ಅನ್ನೂದ ಮರತೀನಿ" ಅಂದಳಂತೆ. ಸೋಮಿ ಹೋಗಿ ಅತ್ತೆ ಪಕ್ಕ ಕೂತಳು. ಯಾವುದು ಹೋಗಿದೆಯೋ ಅದನ್ನೇ ತುಂಬಬೇಕಲ್ಲ.

ಅಲ್ಲಿಂದ ಮುಂದೆ ಪ್ರತಿ ಬೇಸಿಗೆ ಉಪ್ಪಿನ ಗಾಡಿಯಲ್ಲಿ ಸೋಮಿಗೊಂದು ಜಾಗ. ವಾಪಸ್ ಬರುವಾಗ ಗಾಡಿ ಸುತ್ತಿಬಳಸಿ ದ್ಯಾಮವ್ವನ ತವರೂರಿನ ಮೇಲೆ ಬರೋದು, ಅತ್ತೆಗೆ ಅಲ್ಲಿ ಎರಡು ದಿನ. ಕಲ್ಲು ಮಾತ್ರ ಹೊಸ ಕಡಲ ನೀರಲ್ಲಿ ಅದೇ ಭರಣಿಯಲ್ಲೇ ಉಳೀತು, ಉಪ್ಪಿನಕಾಯಿಗೆ ದ್ಯಾಮವ್ವ ಬೇರೆ ಭರಣಿ ಕೊಂಡಳಂತೆ. ಅವರು ಸುಖವಾಗಿದ್ರು, ಮರಿಗಳು ಕಡಲು ಸೇರಿದ್ವು, ಕತೆ ಮುಗೀತು, ಇನ್ನು ನೀನು ನಿದ್ದೆ ಸೇರು.

ಏನೇ? ಇನ್ನೂ ಎಚ್ಚರ ಇದ್ದೀಯಾ? ಹೇಳು ಬೇಗ.

"ಅಜ್ಜೀ, ನಮ್ಮನೆ ಗಾಜಿನ ಪೆಟ್ಟಿಗೇಲೂ ಹೆರಿಗೆ ಆಗಿದೆಯಲ್ಲ. ಹಂಗಾದ್ರೆ ನಿನ್ನನ್ನ ತವರಿಗೆ ಕರ್ಕೊಂಡು ಹೋಗ್ಬೇಕು. ಅಪ್ಪಂಗೆ ನಾನೇ ಹೇಳ್ತೀನಿ."

ಮುಚ್ಚು ಕಣ್ಣು. ತವರಿಗೆ ಹೋಗಿ ಹನ್ನೆರಡು ವರ್ಷ ಆಯ್ತು ಪುಟ್ಟಿ, ಹೋಗ್ತೀಯಾ ಅಂತ ಯಾರೂ ನನ್ನನ್ನ ಕೇಳಿರಲಿಲ್ಲ. ಹೇಳು, ನಾಳೆ ಹೇಳು. ಮಡಿಲಲ್ಲಿ ಇಟ್ಕೊಂಡು ಹೋಗೋಕೆ ಒಂದು ಗಾಜಿನ ಭರಣಿ ಹುಡುಕ್ತೀನಿ ನಾನು.