ಮಂದಿಗೆ ಚೌಕವಿರದ ಚಿತ್ರ

ಹೊಳೆಯ ದಂಡೆಯ ಮೇಲಿನ ಒಂದು ಆಶ್ರಮದಲ್ಲಿ ನಾಗಲಾಂಬಿಕೆ ಎಂಬ ಗುರುಗಳಿದ್ದರು. ಶಿಷ್ಯರೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದರು. ಅಲ್ಲಿ ಕಲಿಸುತ್ತಿದ್ದದ್ದು ಮಂತ್ರವನ್ನಲ್ಲ, ಮಾದರಿ ಬರೆಯುವ ವಿದ್ಯೆಯನ್ನು. ಶಿಷ್ಯ ಚೌಕ ಹಾಕಿ, ಗೆರೆ ಎಳೆದು ಒಂದು ಕೆಲಸದ ಚಿತ್ರ ಬರೆದರೆ, ಕಂಪ್ಯೂಟರು ಆ ಚಿತ್ರ ನೋಡಿ ತಾನೇ ಪ್ರೋಗ್ರಾಮು ಬರೆದುಕೊಳ್ಳುತ್ತಿತ್ತು.

ಕೊಟ್ರೇಶ ಎಂಬ ಶಿಷ್ಯ ಮೊದಲ ಸಲ ದೊಡ್ಡ ಕೆಲಸವೊಂದನ್ನು ಮುಗಿಸಿದ್ದ. ಆಶ್ರಮದಿಂದ ತುಸು ಮೇಲಕ್ಕೆ ಹೊಳೆಗೆ ಒಡ್ಡು ಕಟ್ಟಿದ್ದರು. ನೀರಿನ ಮಟ್ಟ ನೋಡಿ ಅದರ ಬಾಗಿಲುಗಳು ತಾವೇ ತೆರೆಯಬೇಕು. ಅವತ್ತು ಮಧ್ಯಾಹ್ನ ಮೇಲಿನ ಅಣೆಕಟ್ಟಿನಿಂದ ನೀರು ಬರುವುದಿತ್ತು. ಬಾಗಿಲು ತೆರೆಯುವುದು ಅವನ ಮಾದರಿಯ ಪ್ರಕಾರ.

ಬೆಳಗಿನಿಂದ ಅವನು ಚಿತ್ರದ ಮುಂದಿಂದ ಎದ್ದಿರಲಿಲ್ಲ. ಏನೋ ಬಿಟ್ಟುಹೋಗಿದೆ ಎಂಬ ಕಳವಳ, ಏನೆಂದು ಗೊತ್ತಿಲ್ಲ. ಕಂಪ್ಯೂಟರಿಗೆ ಮತ್ತೆ ಮತ್ತೆ ತೋರಿಸಿದ. ಅದು ಪ್ರತಿ ಸಲವೂ ಮಾದರಿ ಸರಿಯಿದೆ ಎಂದಿತು. ಅದು ಹಾಗೆಂದಷ್ಟೂ ಇವನ ಎದೆ ಹೊಡೆದುಕೊಳ್ಳುವುದು ಹೆಚ್ಚಾಯಿತು.

ಕೊನೆಗೆ ಅವ್ವಾರ ಮುಂದೆ ಹೋಗಿ ನಿಂತ.

“ಅವ್ವಾರ, ಮಾದರಿ ಸರಿ ಐತಿ ಅಂತ ಬರ್ತೈತ್ರಿ. ಆದ್ರೂ ಜೀವ ತಡೀವಲ್ದು.”

“ಯಾವುದಕ್ಕ ಸರಿ ಐತಿ?”

ಕೊಟ್ರೇಶ ಕಕ್ಕಾಬಿಕ್ಕಿಯಾದ. ಸರಿ ಎಂದರೆ ಸರಿ, ಅದಕ್ಕೆ ‘ಯಾವುದಕ್ಕೆ’ ಎಂಬ ಬಾಲ ಬೇರೆ ಏಕೆ? ಆದರೂ ಒಳ್ಳೆಯ ಹುಡುಗನಂತೆ ಪಾಠ ಒಪ್ಪಿಸಿದ. ಅಲ್ಲಿ ಹರಿಯುವುದು ಹೊಳೆ. ಆ ಹೊಳೆಯನ್ನು ಕುರಿತು ಬರೆದ ಚಿತ್ರ ಮಾದರಿ. ಮಾದರಿಯಲ್ಲಿ ಯಾವ ಬಗೆಯ ಚೌಕ ಇರಬಹುದು, ಯಾವುದರಿಂದ ಯಾವುದಕ್ಕೆ ಗೆರೆ ಎಳೆಯಬಹುದು ಎಂದು ನಿಯಮ ಹೇಳುವುದು ಮೇಲ್ಮಾದರಿ. ಅವ್ವಾರೇ ಬರೆದುಕೊಟ್ಟ ಮೇಲ್ಮಾದರಿಯಲ್ಲಿ ಬಾಗಿಲು, ಕಾಲುವೆ, ನೀರಿನ ಮಟ್ಟ ಇಷ್ಟಕ್ಕೇ ಚೌಕ. ಅವನು ಅದನ್ನು ಕೂದಲಷ್ಟೂ ಮೀರಿರಲಿಲ್ಲ.

ಅವ್ವಾರು ಎದ್ದರು. “ಚಿತ್ರ ತಗೊಂಡು ಬಾ,” ಎಂದರು.

ಇಬ್ಬರೂ ಹೊಳೆಗೆ ಇಳಿದರು. ಬೇಸಿಗೆ. ನೀರು ಒಂದು ಪಕ್ಕಕ್ಕೆ ಸರಿದು, ಉಳಿದದ್ದೆಲ್ಲ ಮರಳು. ಆ ಮರಳಲ್ಲಿ ಗುಂಡಿ ತೋಡಿ ಕಲ್ಲಂಗಡಿ ಬಳ್ಳಿ ಹಬ್ಬಿಸಿದವರು ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಹಣ್ಣು ಮುಗಿಯುವವರೆಗೆ ಅವರ ಸಂಸಾರ ಅಲ್ಲೇ. ಕೊಟ್ರೇಶ ದಿನಾ ದಂಡೆಯ ಮೇಲಿಂದ ನೋಡುತ್ತಿದ್ದ ಗುಡಿಸಲುಗಳೇ ಅವು.

ಹುಲಿಗೆಮ್ಮ ಎಂಬಾಕೆ ಮೊಮ್ಮಗುವನ್ನು ಜೋಲಿಯಲ್ಲಿ ಹಾಕಿ ತೂಗುತ್ತಿದ್ದಳು. ಒಡ್ಡಿನಿಂದ ನೀರು ಬಿಟ್ಟಾಗ ಏನು ಮಾಡುತ್ತೀರಿ ಎಂದು ಅವ್ವಾರು ಕೇಳಿದರು. ಬಾಗಿಲು ಕಾಯುವವ ಮೊದಲು ಸೀಟಿ ಊದುತ್ತಾನೆ, ನಾವೆಲ್ಲ ದಂಡೆ ಹತ್ತಿದ್ದನ್ನು ನೋಡಿಯೇ ಬಾಗಿಲು ಎತ್ತುತ್ತಾನೆ ಎಂದಳು ಹುಲಿಗೆಮ್ಮ. ಬಳ್ಳಿಗಳು ನೆನೆದರೂ ಬದುಕುತ್ತವೆ, ನಾವು ಬದುಕುತ್ತೇವೆಯೇ ಎಂದು ನಕ್ಕಳು.

ಸೀಟಿ ಊದುವವನನ್ನು ನಿನ್ನೆಯೇ ಬೇರೆ ಕಡೆಗೆ ಹಾಕಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಕೊಟ್ರೇಶನಿಗೆ ಗೊತ್ತಿತ್ತು. ಆ ಬಾಗಿಲು ಕಾಯುವವನ ಜಾಗಕ್ಕೇ ಈ ಪ್ರೋಗ್ರಾಮು ಬಂದದ್ದು.

“ಇದರಾಗ ಹುಲಿಗೆಮ್ಮ ಎಲ್ಲಿ ಅದಾಳ, ತೋರ್ಸು,” ಎಂದರು ಅವ್ವಾರು.

ಅವನು ಚಿತ್ರವನ್ನು ಮರಳ ಮೇಲೆ ಹರವಿದ. ಚೌಕದಿಂದ ಚೌಕಕ್ಕೆ ಬೆರಳು ಸರಿಸುತ್ತ ಹುಡುಕಿದ.

“ಇಲ್ರಿ.”

“ಯಾಕಿಲ್ಲ?”

“ಮಂದಿಗೆ ಚೌಕ ಇಲ್ರಿ. ನಾ ಹಾಕಿದ್ರ ಕಂಪ್ಯೂಟರು ತಪ್ಪು ಅಂತಿತ್ತು.”

“ಸರಿ ಐತಿ ಅಂದಾಗ ಅದು ಏನೇನು ನೋಡಿತ್ತು?”

“ನನ್ನ ಚಿತ್ರ. ನಿಮ್ಮ ನಿಯಮ.”

“ಹೊಳಿ?”

ಹೊಳೆಯನ್ನು ಅದು ನೋಡಿರಲೇ ಇಲ್ಲ. ಕೊಟ್ರೇಶ ಒಡ್ಡಿನ ಕಡೆ ತಿರುಗಿ ನೋಡಿದ. ಜೋಲಿಯಲ್ಲಿದ್ದ ಮಗು ನಿದ್ದೆಗಣ್ಣಲ್ಲಿ ಮಗ್ಗುಲಾಯಿತು.

ಫೋನು ಕೈಯಲ್ಲೇ ಇತ್ತು. ಈಗ ಬಾಯಿ ಬಿಟ್ಟರೆ ಮೊದಲ ಕೆಲಸದಲ್ಲೇ ಎಡವಿದವನೆಂದು ಹೆಸರು ಕೆಡುತ್ತದೆ. ಆ ಹೊತ್ತಿನಲ್ಲೂ ಅವನಿಗೆ ಈ ಯೋಚನೆ ಬಂತು. ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಒಡ್ಡಿನ ಎಂಜಿನಿಯರಿಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಬಿಸಿಲು ನೆತ್ತಿಗೆ ಬರುತ್ತಿತ್ತು. ಕೊನೆಗೂ ಅವರು ಎತ್ತಿದಾಗ ಇವನು ಒಂದೇ ಉಸಿರಿಗೆ ಹೇಳಿದ.

“ಸರ್, ಬಾಗಿಲು ಪ್ರೋಗ್ರಾಮಿಗೆ ಬಿಡಬ್ಯಾಡ್ರಿ. ನನ್ನ ಮಾದರ್ಯಾಗ ಮಂದಿ ಇಲ್ರಿ. ಮರಳಾಗ ಅದಾರ.”

ಎಂಜಿನಿಯರು ಬಾಯಿಗೆ ಬಂದಂತೆ ಬೈದರು. ಇವನು ಬೈಸಿಕೊಂಡ. ನೀರು ಒಡ್ಡಿನ ಹತ್ತಿರ ಬಂದಾಗಿದೆ, ಪ್ರೋಗ್ರಾಮು ನಿಲ್ಲಿಸುತ್ತೇನೆ, ಆದರೆ ಬಾಗಿಲನ್ನು ಹೆಚ್ಚು ಹೊತ್ತು ಮುಚ್ಚಿಡಲಾಗದು, ಎಲ್ಲರನ್ನೂ ದಂಡೆ ಹತ್ತಿಸಿ ಹೇಳು ಎಂದರು.

ಕೊಟ್ರೇಶ ಚಿತ್ರವನ್ನು ಅಲ್ಲೇ ಬಿಟ್ಟು ಓಡಿದ. ಗುಡಿಸಲಿಂದ ಗುಡಿಸಲಿಗೆ ಕೂಗುತ್ತ, ಮುದುಕರ ಕೈ ಹಿಡಿದು ಎಳೆಯುತ್ತ, ಯಾರಾದರೂ ಒಳಗೆ ಉಳಿದರೇನೋ ಎಂದು ಹೋದಲ್ಲಿಗೇ ಮತ್ತೆ ಹೋಗಿ ನೋಡುತ್ತ. ಹುಲಿಗೆಮ್ಮನ ಮೊಮ್ಮಗು ಅವ್ವಾರ ಸೊಂಟದ ಮೇಲೆ ದಂಡೆ ಹತ್ತಿತು. ಎಲ್ಲರೂ ಹತ್ತಿದರೆಂದು ಅವನು ಹೇಳಿದ ಮೇಲೆ ಬಾಗಿಲು ಎದ್ದಿತು. ತಡೆದಿಟ್ಟಿದ್ದ ನೀರು ಒಮ್ಮೆಲೇ ಮರಳ ತುಂಬ ಹರಡಿ ಬಂತು. ಗುಡಿಸಲುಗಳು ಹೋದವು. ಮಂದಿ ಉಳಿದರು.

ಸಂಜೆ ಆಶ್ರಮದ ಕಟ್ಟೆಯ ಮೇಲೆ ಕೂತಾಗ ಅವನಿಗೆ ಸಿಟ್ಟು ಬಂತು. ಗುರುಗಳ ಮೇಲೆ ಸಿಟ್ಟು ಬರಬಾರದು ಎಂಬುದು ಗೊತ್ತಿದ್ದೂ ಬಂತು.

“ನಾ ನಿಮ್ಮ ನಿಯಮ ಮೀರಿಲ್ರಿ ಅವ್ವಾರ. ಅದರಾಗ ಮಂದಿಗೆ ಯಾಕ ಚೌಕ ಇರಲಿಲ್ಲ?”

“ಅದನ್ನ ನಾ ಬರದದ್ದು ಮಳಿಗಾಲದಾಗ,” ಎಂದರು ಅವ್ವಾರು. “ಆವಾಗ ಇಲ್ಲಿ ಬರೇ ನೀರಿತ್ತು.”

ಅವರು ತಪ್ಪನ್ನು ಮುಚ್ಚಿಕೊಳ್ಳಲಿಲ್ಲ, ಹೊದ್ದುಕೊಂಡು ಕೂರಲೂ ಇಲ್ಲ. ಒಳಗೆ ಹೋಗಿ ಮೇಲ್ಮಾದರಿ ತೆರೆದು, ಮಂದಿ ಎಂಬ ಹೊಸ ಚೌಕ ಸೇರಿಸಿದರು. ಮಂದಿ ದಂಡೆ ಹತ್ತುವ ಮೊದಲು ಬಾಗಿಲು ಏಳದಂತೆ, ಬಾಗಿಲಿನಿಂದ ಮಂದಿಗೆ ಗೆರೆ ಎಳೆಯದ ಮಾದರಿಯನ್ನು ಒಪ್ಪಕೂಡದು ಎಂದು ನಿಯಮ ಬರೆದರು. ಕೊಟ್ರೇಶ ಕಂಪ್ಯೂಟರಿನಲ್ಲಿ ಉಳಿದಿದ್ದ ತನ್ನ ಹಳೆಯ ಚಿತ್ರವನ್ನೇ ಮತ್ತೆ ತೋರಿಸಿದ. ಕಂಪ್ಯೂಟರು ತಪ್ಪು ಎಂದಿತು. ಗೆರೆ ಎಳೆದು ಮತ್ತೆ ತೋರಿಸಿದ. ಸರಿಯಿದೆ ಎಂದಿತು.

ಆ ಮಾತು ಕಂಡದ್ದೇ ಅವನ ಎದೆ ಮತ್ತೆ ಹೊಡೆದುಕೊಳ್ಳತೊಡಗಿತು.

“ಈಗರ ಎಲ್ಲಾ ಬಂತಲ್ರಿ, ಅವ್ವಾರ?”

“ನಾಳೆ ಆಚಿ ದಂಡಿಗೆ ಹೋಗಿ ಬಾ,” ಎಂದರು ಅವ್ವಾರು. “ಅಲ್ಲಿಗೆ ನಾ ಇನ್ನೂ ಹೋಗಿಲ್ಲ.”