ಕೆಂಪರಾಜ ಆಟದ ದಿಕ್ಕು ತಿರುಗಿಸಿದ್ದು

ನಮ್ಮದು ಬಂದೂಕು ಹಿಡಿದ ಅರಸು ಮನೆತನ. ಅರಮನೆಯ ಬಂದೂಕುಗಳ ಉಸ್ತುವಾರಿ ನಮ್ಮ ಮುತ್ತಜ್ಜನವರದು, ಅವರಾದ ಮೇಲೆ ಅಜ್ಜನವರದು. ಗುರಿ ತಪ್ಪಿದವರು ನಮ್ಮ ಮನೆಯಲ್ಲಿಲ್ಲ. ಮಾತು ತಪ್ಪಿದವರೂ ಇಲ್ಲ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡಬೇಕು ಎಂದು ಸಿಸ್ಟರುಗಳು ನಮಗೆ ಕಲಿಸಿದರು. ನಾನು ಅದನ್ನೇ ನನ್ನ ಮಗ ಕೆಂಪರಾಜನಿಗೆ ಕಲಿಸಿದೆ. ಅವನು ಕಲಿತ. ಸ್ವಲ್ಪ ಹೆಚ್ಚೇ ಕಲಿತ.

"ಕೆಂಪ, ಹಾಲು ನೋಡಿಕೋ" ಎಂದರೆ ನೋಡುತ್ತಾನೆ. ಹಾಲು ಉಕ್ಕುತ್ತದೆ, ನೋಡುತ್ತಾನೆ. ಒಲೆ ಆರಿಹೋಗುತ್ತದೆ, ನೋಡುತ್ತಾನೆ.

"ಯಾಕೋ ಇಳಿಸಲಿಲ್ಲ?"

"ನೋಡಿಕೋ ಅಂದಿರಿ ಅಮ್ಮ. ಪೂರ್ತಿ ನೋಡಿದೆ!"

ಮೀಸೆ ಬಂದ ಮಗ! ನಾನು ಹಣೆ ಚಚ್ಚಿಕೊಂಡೆ. "ಮನೆಯಲ್ಲೇ ಕೂತು ಹೀಗಾಗಿದ್ದೀಯೆ. ಹೋಗು, ನಾಲ್ಕು ಜನರ ಜೊತೆ ಬೆರೆ!" ಎಂದೆ.

ಹೊರಟ. ಮೂವರು ನಿಂತಿದ್ದ ಕಡೆ ನಿಲ್ಲಲಿಲ್ಲ. ಐವರು ಕೂತಿದ್ದ ಕಡೆ ಕೂರಲಿಲ್ಲ. ಕೊನೆಗೆ ಮುಬಾರಕನ ಗೇಮಿಂಗ್ ಸೆಂಟರಿನಲ್ಲಿ ಸರಿಯಾಗಿ ನಾಲ್ಕು ಜನ ಸಿಕ್ಕರು. ಹೋಗಿ ಬೆರೆತ. ಅವರಿಗೂ ಐದನೆಯವನೊಬ್ಬ ಬೇಕಾಗಿತ್ತು!

ಅಲ್ಲಿ ಆಡುತ್ತಿದ್ದದ್ದು 'ಲಾಸ್ಟ್ ಬಂಕರ್'. ವರ್ಷಗಟ್ಟಲೆಯಿಂದ ಭಾಗದ ಮೇಲೆ ಭಾಗ ಬರುತ್ತಿರುವ, ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ. ಅದರ ಮುಂದಿನ ಭಾಗ ಹೇಗಿರಬೇಕು ಎಂದು ಊರಲ್ಲಿ ಎರಡು ಪಕ್ಷ. ಕೆಂಪರಾಜ ಬೆರೆತದ್ದು ಹಳಬರ ಪಕ್ಷಕ್ಕೆ. ಅದರ ನಾಯಕ ವಕೀಲ ಸುದರ್ಶನ.

"ಲಾಸ್ಟ್ ಬಂಕರ್ ಅಂದ್ರೆ ಕಾಯೋದು ಕಣ್ರೀ!" ಎಂದು ಸುದರ್ಶನ ಮೇಜು ಗುದ್ದುವುದು. "ಉಸಿರು ಬಿಗಿಹಿಡಿದು ಬಂಕರಿನಲ್ಲಿ ಕೂರೋದು! ಗುಲಾಬಿ ಮೊಲದ ವೇಷ ಹಾಕ್ಕೊಂಡು ಕುಣಿಯೋದಲ್ಲ!"

"ಕಾಯೋ ಹಾಗಿದ್ರೆ ಬಸ್ ಸ್ಟ್ಯಾಂಡಿಗೆ ಹೋಗಿ ಅಂಕಲ್!" ಎಂದು ಹೊಸಬರ ನಾಯಕಿ ಹರಿಣಿ ನಗುವುದು. "ನಮಗೆ ಓಡಬೇಕು, ಹಾರಬೇಕು, ಗೋಡೆ ಮೇಲೆ ಜಾರಬೇಕು!"

ಆಟದ ಕಂಪನಿಯವರು ಒಂದು ಉಪಾಯ ಮಾಡಿದರು. ಎರಡು ಪಕ್ಷಗಳೂ ಆಡಲಿ, ಯಾರು ಗೆಲ್ಲುತ್ತಾರೋ ಅವರ ಮಾತೇ ಆ ಊರಿನ ಮಾತು ಎಂದರು. ಹಳಬರ ಎದೆಯಲ್ಲಿ ಡವಡವ. ಏಕೆಂದರೆ ಅಭ್ಯಾಸದಲ್ಲಿ ದಿನಾ ಸೋಲುತ್ತಿದ್ದವರು ಅವರೇ. ಎಲ್ಲಿ ಅವಿತರೂ, ಆಟದಲ್ಲಿ ಮೊಲದ ವೇಷ ತೊಡುವ ಹರಿಣಿಯ ಕಡೆಯವರು ನೆಟ್ಟಗೆ ಅಲ್ಲಿಗೇ ಬರುತ್ತಿದ್ದರು. ಹೇಗೆ ಎಂದು ಯಾರಿಗೂ ತಿಳಿಯದು.

ಕೆಂಪರಾಜನ ಮೊದಲ ದಿನದ ಅಭ್ಯಾಸದಲ್ಲಿ ಗುಂಡು ಸುರಿಯಿತು. ಸುದರ್ಶನ ಕೂಗಿದ: "ಲೋ ಕೆಂಪ! ಕವರ್ ತಗೊಳೋ! ಬೇಗ ಕವರ್ ತಗೊಳೋ!"

ಕೆಂಪರಾಜ ಎದ್ದ. ಎದುರಿನ ಅಂಗಡಿಗೆ ಓಡಿದ. ಹಿಡಿ ಇರುವ ಒಳ್ಳೆಯ ಕವರ್ ತಂದ. "ತಗೊಂಡೆ ಸಾರ್! ದೊಡ್ಡದೇ ತಗೊಂಡೆ!"

ಅಷ್ಟರಲ್ಲಿ ಹಳಬರೆಲ್ಲ ಸತ್ತಿದ್ದರು.

"ಪೆದ್ದ! ಕವರ್ ಅಂದ್ರೆ ಮರೆ ಕಣೋ! ಗುಂಡು ಬಂದ್ರೆ ಗೋಡೆ ಹಿಂದೆ ಅವಿತುಕೋ!"

"ಸರಿ ಸಾರ್. ಗೋಡೆ ಹಿಂದೆ."

ಮಾರನೆಯ ದಿನ ಗುಂಡು ಬಂತು. ಕೆಂಪರಾಜ ಎದ್ದ. ಸೆಂಟರಿನಿಂದ ಆಚೆ ಹೋದ. ಹಿಂದಿನ ಗೋಡೆಯ ಆಚೆ ಕುಕ್ಕರುಗಾಲಲ್ಲಿ ಕೂತ. ಆಟ ಸೋತು, ಎಲ್ಲರೂ ಹುಡುಕಿ, ಕೊನೆಗೆ ಸಿಕ್ಕ.

"ಗುಂಡು ನಿಂತಿತೇ ಸಾರ್?" ಎಂದ.

"ಪೆದ್ದ! ಶುದ್ಧ ಪೆದ್ದ! ಏನೇ ಆಗಲಿ ಕುರ್ಚಿ ಬಿಡಬೇಡ! ಆಕಾಶ ಕಳಚಿ ಬಿದ್ರೂ ಕುರ್ಚಿ ಬಿಡಬೇಡ!"

"ಸರಿ ಸಾರ್. ಬಿಡೋದಿಲ್ಲ."

ಬಿಡಲಿಲ್ಲ. ಆ ಸಂಜೆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮಾರುಕಟ್ಟೆಯ ನಡುವೆ ಮನೆಗೆ ಬಂದ. ಹೂವು ಮಾರುವವರು ಕೇಳಿದರಂತೆ, "ಏನ್ ಸ್ವಾಮಿ, ಎಲೆಕ್ಷನ್ ಗೆದ್ರಾ?" ಹಿಂದೆಯೇ ಮುಬಾರಕ್ ಏದುಸಿರು ಬಿಡುತ್ತಾ ಬಂದ. "ಅಮ್ಮಾವರೇ, ನನ್ನ ಕುರ್ಚಿ! ಬಿಡು ಅಂದ್ರೆ ಬಿಡ್ತಿಲ್ಲ!"

ನನಗೆ ತಲೆ ಎತ್ತಲಾಗಲಿಲ್ಲ. "ಕೆಂಪ! ಮರ್ಯಾದಸ್ಥರು ಬೇರೆಯವರ ವಸ್ತುವನ್ನು ಮೊದಲು ಹೇಗಿತ್ತೋ ಹಾಗೇ ಇಡುತ್ತಾರೆ. ತಿಳಿಯಿತೇ?"

"ತಿಳಿಯಿತು ಅಮ್ಮ. ಮೊದಲು ಹೇಗಿತ್ತೋ ಹಾಗೇ."

ಸುದರ್ಶನ ಸುಮ್ಮನಿರಲಿಲ್ಲ. ಆಟದ ಬಳಗದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಓದುವಂತೆ ಬರೆದ: "ಅರಸರ ಮನೆ ಪೆದ್ದ. ಇನ್ನೊಂದು ತಪ್ಪು ಮಾಡಿದರೆ ಹೊರಗೆ." ನನ್ನ ಮಗನನ್ನು ಅಂದಿದ್ದರೆ ಒಂದು ಮಾತು. ಮನೆಯನ್ನೂ ಸೇರಿಸಿದ! ಪಂದ್ಯದ ದಿನ ನಾನೇ ರೇಷ್ಮೆ ಸೀರೆ ಉಟ್ಟು, ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಸುದರ್ಶನ ಮೈಕ್ ಹಿಡಿದ. "ಬಂಧುಗಳೇ, ನಮ್ಮ ಆಟ ದಿಕ್ಕು ತಪ್ಪಿದೆ! ಅದನ್ನ ಮೊದಲಿದ್ದ ದಿಕ್ಕಿಗೆ ತಿರುಗಿಸಲೇಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿ ಕಾಫಿಗೆ ಎದ್ದರು. ಕೆಂಪರಾಜ ಮೆಲ್ಲಗೆ ಮುಬಾರಕನನ್ನು ಕೇಳಿದ, "ನಮ್ಮ ಆಟ ಮೊದಲು ಯಾವ ದಿಕ್ಕಿಗಿತ್ತು?"

"ಪೂರ್ವಕ್ಕಿತ್ತು. ಆ ಗಾಜಿನ ಬೀರು ತಂದಾಗ ಮೇಜುಗಳನ್ನೆಲ್ಲ ಪಶ್ಚಿಮಕ್ಕೆ ತಿರುಗಿಸಿದೆ. ಯಾಕೆ?"

ಕೆಂಪರಾಜ ತೋಳು ಮಡಚಿದ. ಕಾಫಿ ಮುಗಿಯುವಷ್ಟರಲ್ಲಿ ಹಳಬರ ಮೇಜು, ಪರದೆ, ಕುರ್ಚಿ ಎಲ್ಲವನ್ನೂ ಪೂರ್ವಕ್ಕೆ ತಿರುಗಿಸಿ ಕೈ ಒರೆಸಿಕೊಂಡ.

"ಏನೋ ಇದು!" ಎಂದು ಸುದರ್ಶನ ಕಿರುಚಿದ.

"ದಿಕ್ಕು ಸಾರ್! ಮೊದಲಿದ್ದ ದಿಕ್ಕು!"

ಮತ್ತೆ ತಿರುಗಿಸಲು ಸಮಯವೆಲ್ಲಿ? ಗಂಟೆ ಹೊಡೆದೇಬಿಟ್ಟಿತು. ಸುದರ್ಶನ ಹಲ್ಲು ಕಡಿದ. "ಬಂಕರಿನಲ್ಲಿ ಬಿದ್ದಿರು! ಅಲ್ಲಾಡಬೇಡ! ಉಸಿರೆತ್ತಬೇಡ! ಒಂದು ಬಟನ್ನೂ ಒತ್ತಬೇಡ!"

ಕೆಂಪರಾಜ ಬಂಕರಿಗೆ ಇಳಿದ. ಅಲ್ಲಾಡಲಿಲ್ಲ. ಬಟನ್ ಒತ್ತಲಿಲ್ಲ. ಉಸಿರನ್ನೂ ಬಿಡಲಿಲ್ಲ. ಮುಖ ಬದನೆಕಾಯಿಯಾಯಿತು. "ಉಸಿರಾಡೋ!" ಎಂದು ನಾನು ಕೂಗಿದ ಮೇಲೆ ಆಡಿದ.

ಆಗ ಎದುರು ಪಕ್ಷದಲ್ಲಿ ಗಲಿಬಿಲಿ. "ಅಯ್ಯೋ, ಬೀರುವಿನಲ್ಲಿ ಏನೂ ಕಾಣಿಸ್ತಿಲ್ಲ!" ಎಂದು ಹರಿಣಿ ಬಾಯಿಬಿಟ್ಟಳು. ಇಷ್ಟು ದಿನ ಹಳಬರ ಪರದೆ ಆ ಬೀರುವಿನ ಗಾಜಿನಲ್ಲಿ ಕನ್ನಡಿಯಂತೆ ಕಾಣುತ್ತಿತ್ತು. ಅದನ್ನು ನೋಡಿಕೊಂಡೇ ಮೊಲಗಳು ಬೇಟೆಯಾಡುತ್ತಿದ್ದವು! ಪರದೆ ತಿರುಗಿತು, ಗಾಜು ಕುರುಡಾಯಿತು.

ಆದರೂ ಮೊಲಗಳು ಚುರುಕು. ಹಳಬರಲ್ಲಿ ಒಬ್ಬ ಬಿದ್ದ. ಇನ್ನೊಬ್ಬ ಬಿದ್ದ. ಮತ್ತೊಬ್ಬ ಬಿದ್ದ. ಸುದರ್ಶನ ಆಟದ ಗೋಡೆ ಹತ್ತಿ "ಹಳೆಯ ಆಟಕ್ಕೆ ಜಯವಾಗಲಿ!" ಎಂದ. ಅವನೂ ಬಿದ್ದ. ಉಳಿದವನು ಕೆಂಪರಾಜ ಒಬ್ಬನೇ. ಕೊನೆಯ ಗಂಟೆಗೆ ಬಂಕರಿನಲ್ಲಿ ಯಾರ ಕಡೆಯವನು ಜೀವಂತ ಇರುತ್ತಾನೋ ಅವರದೇ ಗೆಲುವು.

ಮೊಲಗಳು ಓಡಿದವು, ಹಾರಿದವು, ಜಾರಿದವು. ಬಂಕರಿನ ನೆತ್ತಿಯ ಮೇಲೆ ನಿಂತು ಕುಣಿದವು. ಒಳಗೆ ಕತ್ತಲಲ್ಲಿ ಕೆಂಪರಾಜ ಕಲ್ಲಿನಂತೆ ಬಿದ್ದಿದ್ದ. ಯಾರಿಗೂ ಕಾಣಲಿಲ್ಲ.

ಸತ್ತು ಕೆಲಸವಿಲ್ಲದ ಸುದರ್ಶನ ಓಡಿ ಬಂದು ಅವನ ಮುಂದೆ ನಿಂತ. "ಹೊಡಿಯೋ!"

"ಬಟನ್ ಒತ್ತಬೇಡ ಅಂದಿರಿ ಸಾರ್!"

"ಬಟನ್ ಹಾಳಾಗಲಿ! ಹೊಡಿ ಅಂದ್ರೆ ಹೊಡಿ!"

"ಯಾರಿಗೆ ಸಾರ್?"

"ಎದುರಿಗೆ ಇರೋನಿಗೆ ಕಣೋ!"

ಕೆಂಪರಾಜ ನೋಡಿದ. ಎದುರಿಗೆ ಇದ್ದವನು ಒಬ್ಬನೇ. ಕೈ ಎತ್ತಿ ಛಟೀರೆಂದು ಕಪಾಳಕ್ಕೆ ಬಿಟ್ಟ. ನಮ್ಮ ಮನೆತನದ ಗುರಿ. ತಪ್ಪಲಿಲ್ಲ.

ಢಣ್! ಕೊನೆಯ ಗಂಟೆ. ಬಂಕರಿನಲ್ಲಿ ನನ್ನ ಮಗ, ಜೀವಂತ!

ಸೆಂಟರು ಎದ್ದು ಕುಣಿಯಿತು. ಹಳಬರು ಕೆಂಪರಾಜನನ್ನು ಹೆಗಲ ಮೇಲೆ ಹೊತ್ತರು. ಹರಿಣಿಯೇ ಬಂದು ಕೈ ಕುಲುಕಿದಳು. "ಕಾಯೋದೂ ಒಂದು ಆಟವೇ ಬಿಡಿ ಅಂಕಲ್" ಎಂದಳು. ನಮ್ಮ ಊರಿನ ಮಾತು ಕಂಪನಿಗೆ ಹೋಯಿತು: ಬಂಕರ್ ಬೇಕು, ಮೊಲ ಬೇಡ.

ಸುದರ್ಶನ ಮಾತ್ರ ಕೆನ್ನೆ ಹಿಡಿದುಕೊಂಡೇ ಮೈಕಿನಲ್ಲಿ, "ಪೆದ್ದ ಗೆದ್ದ!" ಎಂದ. ಜನರೂ ಹಿಡಿದುಕೊಂಡರು. ಪೆದ್ದ ಗೆದ್ದ! ಪೆದ್ದ ಗೆದ್ದ!

ನಾನು ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬಂದು ಮಗನನ್ನು ಕರೆದೆ. "ಆ ಸುದರ್ಶನನ ಹತ್ತಿರ ಹೋಗು. ಕ್ಷಮೆ ತೆಗೆದುಕೊಂಡು ಬಾ. ಕ್ಷಮೆ ಇಲ್ಲದೆ ಮನೆಯೊಳಗೆ ಕಾಲಿಡಬೇಡ."

ಹೋದ. ಬಹಳ ಹೊತ್ತಾದ ಮೇಲೆ ಅರಳಿದ ಮುಖ ಹೊತ್ತು ಬಂದ.

"ಸಿಕ್ಕಿತೇ?"

"ಸಿಕ್ಕಿತು ಅಮ್ಮ! ಮೊದಲು ಕೊಡೋದಿಲ್ಲ ಅಂದರು. ಕಾಲು ಹಿಡಿದೆ. ಕೊನೆಗೆ, 'ಹೋಗಲಿ, ಕ್ಷಮಿಸಿದೀನಿ ಹೋಗು' ಅಂತ ಕೊಟ್ಟೇಬಿಟ್ಟರು! ತಂದಿದ್ದೀನಿ!"

ಅದು ನಾನು ತರಲು ಹೇಳಿದ ಕ್ಷಮೆಯಲ್ಲ. ಹೊಡಿ ಎಂದವನು ಸುದರ್ಶನ, ಹೊಡೆದದ್ದು ವಿಧೇಯತೆ. ಪಂದ್ಯ ಗೆದ್ದದ್ದು ನನ್ನ ಮಗ. ವಕೀಲ ಸುದರ್ಶನ ನಮ್ಮ ಮನೆಗೆ ಬಂದು, ಹಜಾರದಲ್ಲಿ ನಿಂತು, ಪೆದ್ದ ಎಂದದ್ದಕ್ಕೆ ಕೆಂಪರಾಜನ ಮುಂದೆ ಕ್ಷಮೆ ಕೇಳತಕ್ಕದ್ದು.