ತವರಿನಲ್ಲಿ ಕಳೆದ ಆಷಾಢ

"ಗುರುಗಳೇ, ಕೊಟ್ಟಾದ ಅರ್ಜಿಯಲ್ಲಿ ಒಂದು ಸಣ್ಣ ತಪ್ಪು ಉಳಿದುಬಿಟ್ಟಿದ್ದರೆ, ಅದನ್ನು ಹಾಗೇ ಬಿಡುವುದು ದೋಷವೇ?"

ಕೇಳಿದವನು ನಿಜಗುಣ. ಅವನಿಗೆ ಪರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ. ಹೆಂಡತಿಯನ್ನು ಅಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಹಾಕಿ, ರಜೆಯ ಮೇಲೆ ಊರಿಗೆ ಬಂದಿದ್ದ. ಮದುವೆಯಾಗಿ ಎರಡು ವರ್ಷ. ಇಬ್ಬರೂ ಒಟ್ಟಿಗೆ ಇದ್ದದ್ದು ಐದೇ ತಿಂಗಳು. ಬರುವ ಸೋಮವಾರ ವೀಸಾ ಕಚೇರಿಯಲ್ಲಿ ಅವಳ ಸಂದರ್ಶನ. ಅರ್ಜಿಯ ಪ್ರತಿಯನ್ನು ಮತ್ತೆ ಓದುವಾಗ ಒಂದು ತಾರೀಖು ತಪ್ಪಾಗಿರುವುದು ಕಂಡಿತ್ತು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

"ಸಣ್ಣ ತಪ್ಪಿಗೆ ಮುಖ ಇಷ್ಟು ಸಣ್ಣಗಾಗಬೇಕೇ? ಕೂತುಕೋ" ಎಂದರು ಗುರುಗಳು. ಆಮೇಲೆ ಹೇಳತೊಡಗಿದರು.

ಒಬ್ಬ ಕಂಚುಗಾರನಿದ್ದ. ಗಂಟೆ ಎರಕ ಹೊಯ್ಯುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಮದುವೆಯಾದ ವರ್ಷವೇ ಹೊಳೆಯಾಚೆಯ ರಾಜ್ಯದಿಂದ ಕರೆ ಬಂತು, ಹೋದ. ಹೊರಗಿನವನು ಅಲ್ಲಿಗೆ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಗಡಿಯ ಕಚೇರಿಗೆ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಮದುವೆಯಾದಂದಿನಿಂದ ನೀನು ಊರು ಬಿಡುವವರೆಗೆ, ಇಬ್ಬರೂ ಎಷ್ಟು ದಿನ ಅಗಲಿದ್ದಿರಿ? ಕಂಚುಗಾರ ಹೆಮ್ಮೆಯಿಂದಲೇ "ಒಂದು ದಿನವೂ ಇಲ್ಲ" ಎಂದು ಬರೆದುಕೊಟ್ಟ.

ವಾರ ಕಳೆದ ಮೇಲೆ ಊರ ಕಡೆಯವನೊಬ್ಬ ಸಿಕ್ಕಿ, "ಮಗಳದು ಮೊದಲ ಆಷಾಢ, ತವರಿಗೆ ಕರೆತರಬೇಕು" ಎಂದ. ಕಂಚುಗಾರನಿಗೆ ಆಗ ತನ್ನ ಅರ್ಜಿ ನೆನಪಾಯಿತು. ಮದುವೆಯಾದ ವರ್ಷ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎನ್ನುತ್ತಾರಲ್ಲ, ಅವನ ಹೆಂಡತಿಯೂ ಆ ತಿಂಗಳೆಲ್ಲ ತವರಿನಲ್ಲಿದ್ದಳು. ಹೆಣ್ಣುಮಗಳು ಆಷಾಢಕ್ಕೆ ತವರಿಗೆ ಹೋಗುವುದನ್ನು ಅಗಲಿಕೆ ಎಂದು ಯಾರಾದರೂ ಹೇಳುತ್ತಾರೆಯೇ? ಬರೆಯುವಾಗ ಅವನಿಗೆ ಹೊಳೆದೇ ಇರಲಿಲ್ಲ.

ಕಚೇರಿ ಅವನ ಕುಲುಮೆಯಿಂದ ಕೂಗಳತೆಯಲ್ಲಿತ್ತು. ದಿನಕ್ಕೆ ಎರಡು ಸಲ ಅದರ ಮುಂದೆಯೇ ಹಾದುಹೋಗುತ್ತಿದ್ದ. ಆದರೆ ಹೇಳಿದರೆ ಅರ್ಜಿಯನ್ನೇ ತಳ್ಳಿಹಾಕಿಬಿಟ್ಟರೆ ಎಂಬ ಭಯ. ಜೊತೆಯ ಕೆಲಸಗಾರ ಬುದ್ಧಿ ಹೇಳಿದ: "ಇರಲಾರದೆ ಇರುವೆ ಬಿಟ್ಟುಕೊಳ್ಳಬೇಡ ಮಾರಾಯ. ತವರಿಗೆ ಹೋಗಿಯೇ ಇರಲಿಲ್ಲ ಎಂದು ಹೇಳುವಂತೆ ಹೆಂಡತಿಗೆ ತಿಳಿಸಿಬಿಡು. ಅಲ್ಲಿಗೆ ಮುಗಿಯಿತು." ಕಂಚುಗಾರ ಹಾಗೆಯೇ ಮಾಡಿದ.

ಹೆಂಡತಿ ಮೂರು ದಿನದ ದಾರಿ ಸವೆಸಿ ಗಡಿಗೆ ಬಂದಳು. ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿದ್ದಳು. ಅಧಿಕಾರಿ ಮುದುಕ, ಮೆದು ಮಾತಿನವನು.

"ಮೊದಲ ಆಷಾಢ ಎಲ್ಲಿ ಕಳೆದೆ, ತಾಯಿ?"

"ಗಂಡನ ಮನೆಯಲ್ಲೇ, ಸ್ವಾಮಿ."

"ಅತ್ತೆಯೂ ಅಲ್ಲೇ ಇದ್ದರೇ? ಇಬ್ಬರೂ ಒಂದೇ ಹೊಸ್ತಿಲು ದಾಟಿದಿರೇ?"

ಅವಳು ತಲೆ ತಗ್ಗಿಸಿದಳು. ಅದಕ್ಕೇನು ಹೇಳಬೇಕೆಂದು ಗಂಡ ಕಲಿಸಿರಲಿಲ್ಲ.

ಅಧಿಕಾರಿ ಗಂಡನನ್ನು ಒಳಗೆ ಕರೆಸಿ ಅರ್ಜಿಯನ್ನು ಮುಂದೆ ಹಿಡಿದ. "ಒಂದು ದಿನವೂ ಇಲ್ಲ" ಎಂದು ಬರೆದಿದ್ದರ ಪಕ್ಕದಲ್ಲಿ, ಅರ್ಜಿ ಬಂದ ದಿನವೇ, ಅವನು ತನ್ನ ಕೈಯಾರೆ ಗುರುತು ಹಾಕಿಟ್ಟಿದ್ದ: 'ಆಷಾಢ ಬಿಟ್ಟುಹೋಗಿದೆ. ಆ ಕಡೆಯವರು ಎಲ್ಲರೂ ಮರೆಯುತ್ತಾರೆ. ಅಡ್ಡಿಯಿಲ್ಲ.'

"ನೀನು ಮರೆತದ್ದನ್ನು ನಾನು ಅಂದೇ ಮನ್ನಿಸಿದ್ದೆ. ಇವಳಿಂದ ಹೇಳಿಸಿದ್ದನ್ನು ಮನ್ನಿಸುವ ಅಧಿಕಾರ ನನಗಿಲ್ಲ" ಎಂದ ಅಧಿಕಾರಿ. ಅವನಿಗೂ ಸಂಕಟವಾಗಿತ್ತು. ಹೆಂಡತಿ ಬಂದ ಗಾಡಿಯಲ್ಲೇ ಹಿಂದಿರುಗಿದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ತಡೆದು ತಡೆದು ಕೇಳಿದ: "ಅವನು ಮೊದಲೇ ಹೋಗಿ ಹೇಳಿದ್ದರೆ?"

"ನಾಲ್ಕು ಮಾತು ಬೈಸಿಕೊಂಡು, ಒಂದು ಸಾಲು ಸೇರಿಸಿ ಬರುತ್ತಿದ್ದ. ಇನ್ನೇನು?"

ನಿಜಗುಣನ ಎದೆ ಹಗುರವಾಯಿತು. "ನನ್ನದು ಬರೀ ಒಂದು ತಾರೀಖು, ಗುರುಗಳೇ. ಇವತ್ತೇ ಕಚೇರಿಗೆ ಬರೆದು ತಿಳಿಸುತ್ತೇನೆ" ಎಂದು ನಮಸ್ಕರಿಸಿ ಎದ್ದ.

"ತಾರೀಖು ಹಾಗಿರಲಿ, ಹೆಂಡತಿಗೆ ಏನು ಹೇಳಿಕೊಟ್ಟಿದ್ದೀಯ?" ಎಂದರು ಗುರುಗಳು.

ಎದ್ದಿದ್ದ ನಿಜಗುಣ ಮತ್ತೆ ಕೂತ. "ಆ ತಪ್ಪು ತಾರೀಖನ್ನೇ ಹೇಳು ಎಂದಿದ್ದೆ" ಎಂದ.